ಹತ್ತರವರೆಗೆ ಎಣಿಸಿದ ಬೆನ್ನು ಮೇಷ್ಟ್ರು

ಬೆನ್ನು ಮೇಷ್ಟ್ರಿಗೆ ಆ ಹೆಸರಿಟ್ಟ ಹುಡುಗರಿಗೆ ಈಗ ಮಕ್ಕಳು ಮರಿ ಆಗಿರಬೇಕು. ಹೆಸರು ಮಾತ್ರ ಇದ್ದಲ್ಲೇ ಉಳಿಯಿತು. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಅವರದು ಒಂದೇ ಪಾಠ. ಯಾವ ವಸ್ತು ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಬಾಗುತ್ತದೆ, ಯಾವಾಗ ಮುರಿಯುತ್ತದೆ ಎಂದು ಮೊದಲ ವರ್ಷದವರಿಗೆ ಹೇಳಿಕೊಡುವುದು. ಒಳಗೆ ಬಂದವರೇ ಹಲಗೆಯ ಕಡೆ ತಿರುಗಿದರೆ ಗಂಟೆ ಹೊಡೆಯುವ ತನಕ ಬರೆದದ್ದೇ ಬರೆದದ್ದು. ಬಲಗೈ ಬರೆಯುತ್ತಾ ಮುಂದೆ ಹೋದರೆ ಎಡಗೈ ಒರೆಸುತ್ತಾ ಹಿಂದೆ ಬರುತ್ತಿತ್ತು. ಅಕ್ಷರವೋ, ಮುತ್ತು ಪೋಣಿಸಿದ ಹಾಗೆ. ‘ಮೇಷ್ಟ್ರ ಅಂಗಿ ಬೆನ್ನಲ್ಲಿ ಎಷ್ಟು ಹೊಲಿಗೆ ಇದೆ ಕೇಳಿ, ಹೇಳ್ತೀವಿ. ಮೂಗು ಹೇಗಿದೆ ಅಂತ ಮಾತ್ರ ಕೇಳಬೇಡಿ’ ಎನ್ನುತ್ತಿದ್ದರು ಹುಡುಗರು.

ಸುಮ್ಮಸುಮ್ಮನೆ ಯಾರೂ ಗೋಡೆಗೆ ಮುಖ ಹಾಕಿ ಬದುಕುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ಇಪ್ಪತ್ತೆಂಟರ ಹುಡುಗ, ಹೊಸ ಬೂಟು ಹಾಕಿಕೊಂಡು ನೂರು ಜನರ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದ್ದರು. ಯಾರೂ ಬಾಯಿ ಬಿಡಲಿಲ್ಲ. ನೂರು ಜೊತೆ ಕಣ್ಣು ಅವರನ್ನೇ ನೋಡಿದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಮುಂದಿನ ಮಾತು, ಅದರ ಮುಂದಿನ ಮಾತು, ಎಲ್ಲ ತಲೆಯಿಂದ ಜಾರಿ ಹೋಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಕೊನೆಗೆ ಹಲಗೆಯ ಕಡೆ ತಿರುಗಿದಾಗ ಉಸಿರು ಬಂತು. ಆವತ್ತು ತಿರುಗಿದವರು ಮತ್ತೆ ಈ ಕಡೆ ಬರಲೇ ಇಲ್ಲ. ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ ನಿಜ. ಕೇಳಿದ ಉಸಿರಲ್ಲೇ ಉತ್ತರವನ್ನೂ ಹೇಳಿ ಮುಗಿಸುತ್ತಿದ್ದರು, ಆ ಮೌನ ನಡುವೆ ನುಸುಳದ ಹಾಗೆ.

ಈ ವರ್ಷ ಸುತ್ತೋಲೆ ಬಂತು. ಪಾಠ ಹೇಳುವವರೆಲ್ಲ ಪಾಠ ಹೇಳುವುದನ್ನು ಕಲಿಯಬೇಕು. ಆರು ವಾರ ತರಬೇತಿ. ಆಮೇಲೆ ತರಬೇತಿ ಕೇಂದ್ರದವರು ಬಂದು ತರಗತಿಯಲ್ಲಿ ಕೂತು ಎರಡು ಸಲ ನೋಡುತ್ತಾರೆ. ಎರಡರಲ್ಲಿ ಒಂದಾದರೂ ದಾಟಬೇಕು, ಇಲ್ಲದಿದ್ದರೆ ಮೊದಲ ವರ್ಷದ ತರಗತಿ ಬೇರೆಯವರಿಗೆ. ಆ ಮೇಷ್ಟ್ರು ಪರೀಕ್ಷಾ ವಿಭಾಗಕ್ಕೆ.

ಪರೀಕ್ಷಾ ವಿಭಾಗವೆಂದರೆ ನೆಲಮಾಳಿಗೆ. ಅಲ್ಲಿಗೆ ಆಗಲೇ ಹೋಗಿದ್ದ ರಸಾಯನಶಾಸ್ತ್ರದ ಮೇಷ್ಟ್ರನ್ನು ಬೆನ್ನು ಮೇಷ್ಟ್ರು ಒಮ್ಮೆ ನೋಡಿ ಬಂದಿದ್ದರು. ಕೊಳವೆ ದೀಪದ ಕೆಳಗೆ ಕೂತು ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟುತ್ತಿದ್ದರು. ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸುತ್ತಿದ್ದರು. ‘ಆರಾಮಾಗಿದೆ ರೀ ಇಲ್ಲಿ, ಯಾರೂ ಏನೂ ಕೇಳಲ್ಲ’ ಎಂದಿದ್ದರು. ಆ ಮಾತು ಬೆನ್ನು ಮೇಷ್ಟ್ರಿಗೆ ನುಂಗಲಾರದ ತುತ್ತಾಯಿತು. ತಮಗೆ ಬರುವುದು ಒಂದೇ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತಿದ್ದೇನೆಯೇ ಎಂದು ಅವರು ಯಾವತ್ತೂ ಕೇಳಿಕೊಂಡವರಲ್ಲ. ಅದಿಲ್ಲದೆ ಬೆಳಗಾದರೆ ಎಲ್ಲಿಗೆ ಹೋಗುವುದು ಎಂದು ಮಾತ್ರ ಈಗ ಕೇಳಿಕೊಳ್ಳತೊಡಗಿದರು.

ಮೊದಲನೆಯ ಸಲ ತರಬೇತಿ ಮೇಡಂ ಬಂದು ಕೂತರು. ನಲವತ್ತರ ಹೆಂಗಸು, ಮಾತು ಕಡಿಮೆ, ಪೆನ್ಸಿಲಿನಲ್ಲಿ ಬರೆಯುವವರು. ಮರುದಿನ ಅವರು ಕೊಟ್ಟ ಹಾಳೆಯಲ್ಲಿ ಬೈಗುಳ ಒಂದೂ ಇರಲಿಲ್ಲ. ಬರೀ ಲೆಕ್ಕ ಇತ್ತು. ಐವತ್ತು ನಿಮಿಷದಲ್ಲಿ ವಿದ್ಯಾರ್ಥಿಗಳ ಕಡೆ ಮುಖ ಮಾಡಿದ್ದು ನಾಲ್ಕು ನಿಮಿಷ. ಕೇಳಿದ ಪ್ರಶ್ನೆ ಹನ್ನೊಂದು. ಅವಕ್ಕೆ ಮೇಷ್ಟ್ರೇ ಕೊಟ್ಟುಕೊಂಡ ಉತ್ತರ ಹನ್ನೊಂದು. ಕೆಳಗೆ ಒಂದು ಸಾಲು: ಈ ಸಲ ಆಗಲಿಲ್ಲ.

ಮೇಷ್ಟ್ರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಕನ್ನಡಕ ತೆಗೆದಾಗಲೆಲ್ಲ ಅದು ಕೈಗೆ ತಗುಲುತ್ತಿತ್ತು.

ಎರಡನೆಯ ಸಲಕ್ಕೆ ಇದ್ದದ್ದು ಹತ್ತು ದಿನ. ತರಬೇತಿಯಲ್ಲಿ ಕಲಿತದ್ದರಲ್ಲಿ ಒಂದು ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಕೇಳಿಸಿಕೊಂಡವರಿಗೆ ಯೋಚಿಸಲು ಅಷ್ಟು ಹೊತ್ತಾದರೂ ಬೇಡವೇ ಎಂದಿದ್ದರು ಮೇಡಂ. ತರಬೇತಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ತಲೆ ನರೆತವರೆಲ್ಲ ಅದನ್ನು ಅಭ್ಯಾಸ ಮಾಡಿದ್ದರು. ಲೆಕ್ಕದ ಮೇಷ್ಟ್ರು ಮೂರಕ್ಕೆ ಆಕಳಿಸುತ್ತಿದ್ದರು. ಬೆನ್ನು ಮೇಷ್ಟ್ರು ನಾಲ್ಕು ದಾಟುತ್ತಿರಲಿಲ್ಲ. ನಾಲ್ಕಕ್ಕೆ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಗುತ್ತಿತ್ತು.

ಮನೆಯಲ್ಲಿ ರೂಢಿಸಿಕೊಳ್ಳೋಣವೆಂದು ಒಂದು ಸಂಜೆ ಅಕ್ಕನ ಮುಂದೆ ಕೂತರು. ಅಕ್ಕ ಇವರಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಈ ತಮ್ಮನನ್ನು ಓದಿಸಿದವಳು. ಈಗಲೂ ಯಂತ್ರ ಬಿಟ್ಟಿಲ್ಲ, ತಮ್ಮನಿಗೆ ಬುದ್ಧಿ ಹೇಳುವುದನ್ನೂ ಬಿಟ್ಟಿಲ್ಲ.

‘ಅಕ್ಕಾ, ಇವತ್ತು ಎಷ್ಟು ಅಂಗಿ ಹೊಲಿದೆ?’ ಎಂದು ಕೇಳಿ ಕಣ್ಣಲ್ಲಿ ಕಣ್ಣಿಟ್ಟು ಎಣಿಸತೊಡಗಿದರು.

ಅಕ್ಕ ಸೂಜಿಗೆ ದಾರ ಏರಿಸುತ್ತಿದ್ದವಳು ತಲೆ ಎತ್ತಿದಳು. ತಮ್ಮ ಮಿಟುಕದೆ ನೋಡುತ್ತಿದ್ದ. ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

‘ಏನೋ ಇದು, ಬಾಯಿ ಗೀಯಿ ಸೊಟ್ಟಗಾಯ್ತಾ? ಕೈ ಎತ್ತು ನೋಡೋಣ. ಲೇ ಹುಡುಗೀ, ಬಾರೇ ಇಲ್ಲಿ, ನಿನ್ನ ಗಂಡ ಯಾಕೋ ಒಂಥರಾ ಆಡ್ತಿದ್ದಾನೆ.’

ಹೆಂಡತಿ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ‘ಏನೂ ಆಗಿಲ್ಲ ಅತ್ತಿಗೆ. ಅದು ತರಬೇತಿ. ಬೆಳಿಗ್ಗೆ ಸೋಪು ಎಲ್ಲಿ ಅಂತ ಕೇಳಿ ನನ್ನನ್ನೂ ಹೀಗೇ ನುಂಗೋ ಹಾಗೆ ನೋಡಿದ್ರು.’

‘ಇಪ್ಪತ್ತನಾಲ್ಕು ವರ್ಷ ಬೆನ್ನು ತೋರಿಸಿದವನು ಈಗ ಮುಖ ತೋರಿಸ್ತಾನಂತೆ. ಮಕ್ಕಳು ಹೆದರಿಕೊಳ್ಳದೆ ಇದ್ರೆ ಸಾಕು’ ಎಂದು ಅಕ್ಕ ದಾರ ಏರಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು. ‘ಆಗದಿದ್ರೆ ಏನು ಮಾಡ್ತಾರೆ ಕಣೋ? ಕೆಲಸ ತೆಗೀತಾರಾ?’

‘ಕೆಲಸ ಇರತ್ತೆ. ಪಾಠ ಇರಲ್ಲ.’

ಅಕ್ಕ ಯಂತ್ರ ತುಳಿದಳು.

ಸೋಮವಾರದ ಹೊತ್ತಿಗೆ ಮೇಷ್ಟ್ರ ಎಣಿಕೆ ಆರಕ್ಕೆ ಬಂದಿತ್ತು. ಬುಧವಾರ ಬೆಳಿಗ್ಗೆ ಹತ್ತಕ್ಕೆ ತರಗತಿ. ಊಟದ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ಇವರ ಮುಖ ನೋಡಿ ಕುರ್ಚಿ ಎಳೆದುಕೊಂಡರು. ಲೆಕ್ಕದ ಮೇಷ್ಟ್ರು ಮೊದಲ ಸಲಕ್ಕೇ ದಾಟಿದ್ದವರು.

‘ರೀ ಮೇಷ್ಟ್ರೇ, ಇಷ್ಟು ಸಣ್ಣ ವಿಷಯಕ್ಕೆ ಯಾಕ್ರೀ ಸೊರಗ್ತೀರಿ? ನಾನು ಹೇಗೆ ದಾಟಿದೆ ಅಂದ್ಕೊಂಡ್ರಿ? ಹಿಂದಿನ ದಿನ ನಾಲ್ಕು ಹುಡುಗರನ್ನ ಕೂರಿಸ್ಕೊಂಡು ಪ್ರಶ್ನೆ ಇದು, ಉತ್ತರ ಇದು, ನೀನು ಇದಕ್ಕೆ ಏಳು, ನೀನು ಅದಕ್ಕೆ ಏಳು ಅಂದೆ. ತರಗತಿ ಹೂವಿನ ಹಾಗೆ ಅರಳ್ತು. ಮೇಡಂ ಬರೆದೂ ಬರೆದೂ ಪೆನ್ಸಿಲ್ ಸವೀತು.’

‘ಅದು ಕಾಪಿ ಕೊಟ್ಟ ಹಾಗಲ್ವೇನ್ರೀ?’

‘ಅಭ್ಯಾಸ ಅನ್ನಿ. ನಾಟಕದವರು ಮಾಡಲ್ವಾ? ನೆಲಮಾಳಿಗೇಲಿ ದಾರ ಕಚ್ಚೋದು ಬೇಕಾ ನಿಮಗೆ?’

ಪರೀಕ್ಷೆಯಲ್ಲಿ ಅಂಗೈಯಲ್ಲಿ ಬರೆದುಕೊಂಡು ಬಂದ ಹುಡುಗರನ್ನು ಬೆನ್ನು ಮೇಷ್ಟ್ರು ಎಷ್ಟು ಸಲ ಎಬ್ಬಿಸಿ ಕಳಿಸಿದ್ದರೋ. ಆದರೂ ಮಂಗಳವಾರ ಮಧ್ಯಾಹ್ನ ಪ್ರಯೋಗಾಲಯದ ಬಾಗಿಲು ಮುಂದೆ ಮಾಡಿಕೊಂಡು ಮೂವರನ್ನು ಕೂರಿಸಿಕೊಂಡರು. ಮುಂದಿನ ಬೆಂಚಿನ ಉದ್ದ ಹುಡುಗ, ಕನ್ನಡಕದ ಹುಡುಗಿ, ಅವಳ ಗೆಳತಿ. ಮೂರು ಪ್ರಶ್ನೆ, ಮೂರು ಉತ್ತರ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಹೇಳಿಕೊಡುವಾಗ ಅವರು ಆ ಮಕ್ಕಳ ಮುಖ ನೋಡಲಿಲ್ಲ, ಮೇಜಿನ ಮೇಲಿನ ಸೀಮೆಸುಣ್ಣದ ಡಬ್ಬಿ ನೋಡುತ್ತಿದ್ದರು. ‘ಸಾರ್, ಇದು ಮೇಡಂಗೆ ಗೊತ್ತಾದ್ರೆ?’ ಎಂದು ಉದ್ದ ಹುಡುಗ ಕೇಳಿದ. ‘ನೀನು ಸರಿಯಾಗಿ ಹೇಳಿದ್ರೆ ಗೊತ್ತಾಗಲ್ಲ’ ಎಂದರು ಮೇಷ್ಟ್ರು. ಹೇಳಿದ ಮೇಲೆ ತಮ್ಮ ಕಿವಿಗೆ ತಮ್ಮ ಮಾತೇ ಕಹಿಯಾಯಿತು.

ಬುಧವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮೇಡಂ ಬಂದು ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದರು. ಮೊಣಕಾಲ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲ್. ತರಗತಿ ತುಂಬಿತ್ತು. ಯಾರೂ ಪಿಸುಗುಡುತ್ತಿರಲಿಲ್ಲ. ಮೇಷ್ಟ್ರ ಪಾಠ ಉಳಿಯುವುದೋ ಹೋಗುವುದೋ ಇವತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಇಂಥದ್ದು ಗೋಡೆಗೂ ಗೊತ್ತಾಗಿಬಿಡುತ್ತದೆ.

ಮೇಷ್ಟ್ರು ಹಲಗೆಗೆ ಬೆನ್ನು ಕೊಟ್ಟು ನಿಂತರು. ಮೊದಲ ಹದಿನೈದು ನಿಮಿಷ ಹೇಗೋ ಸಾಗಿತು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಮೇಜಿಗೆ ಇಟ್ಟರು. ಆಮೇಲೆ ಅಭ್ಯಾಸ ಮಾಡಿಸಿದ ಪ್ರಶ್ನೆಯ ಹೊತ್ತು ಬಂತು. ಕೊನೆಯ ಸಾಲಿನಲ್ಲಿ ಪೆನ್ಸಿಲ್ ಮೇಲೆದ್ದದ್ದು ಕಣ್ಣಿಗೆ ಬಿತ್ತು. ಗಾಬರಿಯಲ್ಲಿ ಒಂದನೆಯ ಪ್ರಶ್ನೆ ಬಿಟ್ಟು ಎರಡನೆಯದನ್ನು ಕೇಳಿಬಿಟ್ಟರು.

‘ಒಂದು ಉದ್ದ ಹಲಗೆಯ ನಡುವೆ ಭಾರ ಇಟ್ಟರೆ, ಅದು ಬಿರುಕು ಬಿಡೋದು ಮೇಲಿನಿಂದಲೋ ಕೆಳಗಿನಿಂದಲೋ?’

ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಉದ್ದ ಹುಡುಗ ಬಾಣದ ಹಾಗೆ ಎದ್ದ. ಮೊದಲ ಉತ್ತರ ಅವನದು ಎಂದಲ್ಲವೇ ಹೇಳಿಕೊಟ್ಟಿದ್ದು.

‘ರಬ್ಬರ್ ಎಳೆದರೆ ಉದ್ದವಾಗುತ್ತದೆ ಸಾರ್, ಬಿಟ್ಟರೆ ಮೊದಲಿನಂತಾಗುತ್ತದೆ, ಆದ್ದರಿಂದ ಅದಕ್ಕೆ ಮರಳುವ ಗುಣ ಇದೆ’ ಎಂದು ಒಂದೇ ಉಸಿರಿಗೆ ಒಪ್ಪಿಸಿದ.

ಕನ್ನಡಕದ ಹುಡುಗಿ ಅವನ ತೋಳು ಎಳೆದಳು. ‘ಅದಲ್ವೋ, ಇದು ನಂದು’ ಎಂದದ್ದು ಇಡೀ ಕೋಣೆಗೆ ಕೇಳಿಸಿತು. ಅವಳು ಅರ್ಧ ಎದ್ದಳು, ಅವನು ಅರ್ಧ ಕೂತ. ಯಾರೋ ಕಿಸಕ್ಕೆಂದರು.

ಆಮೇಲೆ ಮೌನ. ಅದೇ ಮೌನ. ಇಪ್ಪತ್ತನಾಲ್ಕು ವರ್ಷ ಯಾವ ಮೂಲೆಯಲ್ಲಿ ಅಡಗಿ ಕೂತಿತ್ತೋ, ಈಗ ಎದ್ದು ಬಂದು ಎದುರು ನಿಂತಿತು. ಮೇಡಂ ಬರೆಯುವುದನ್ನು ನಿಲ್ಲಿಸಿದ್ದರು. ಮೇಷ್ಟ್ರ ಕಾಲು ತಾನಾಗಿ ಹಲಗೆಯ ಕಡೆ ತಿರುಗಿತು. ಕೈ ಸೀಮೆಸುಣ್ಣ ಎತ್ತಿಕೊಂಡಿತು. ಈಗ ಬರೆಯಲು ಶುರು ಮಾಡಿದರೆ ಗಂಟೆ ಹೊಡೆಯುವ ತನಕ ಯಾರ ಮುಖವನ್ನೂ ನೋಡಬೇಕಿಲ್ಲ. ನಾಳೆಯಿಂದ ನೆಲಮಾಳಿಗೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಸೀಮೆಸುಣ್ಣ ಹಲಗೆಗೆ ತಗುಲಿತು. ಒಂದು ಚುಕ್ಕೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಉದ್ದ ಹುಡುಗನ ದನಿ ಬಂತು, ಅಳು ಬೆರೆತ ಹಾಗೆ. ‘ಸಾರ್, ತಪ್ಪು ನಂದು ಸಾರ್.’

ಮೇಷ್ಟ್ರು ಈ ಕಡೆ ತಿರುಗಿದರು.

‘ನಿಂದಲ್ಲ ಕಣಪ್ಪ, ಕೂತ್ಕೋ’ ಎಂದರು. ‘ನಿನ್ನೆ ಈ ಮೂರು ಜನಕ್ಕೆ ಉತ್ತರ ಹೇಳಿಕೊಟ್ಟವನು ನಾನು. ಕಾಪಿ ಮಾಡಬೇಡಿ ಅಂತ ನಿಮಗೆ ಹೇಳೋನೂ ನಾನೇ. ಮೇಡಂ, ಇಲ್ಲೀವರೆಗೆ ನಡೆದದ್ದು ಪಾಠ ಅಲ್ಲ. ಹಾಗೇ ಬರ್ಕೊಳ್ಳಿ.’

ಮೇಡಂ ತಲೆ ಆಡಿಸಲಿಲ್ಲ. ಬರೆದುಕೊಂಡರು.

ಇನ್ನು ಕೈಯಲ್ಲಿ ಏನೂ ಉಳಿದಿರಲಿಲ್ಲ, ಆ ಸೀಮೆಸುಣ್ಣದ ಹೊರತು. ಗಡಿಯಾರದಲ್ಲಿ ಇನ್ನೂ ಮೂವತ್ತೆರಡು ನಿಮಿಷ. ಮೇಷ್ಟ್ರು ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ಟಕ್ಕೆಂದು ಮುರಿಯಿತು. ತುಂಡನ್ನು ಎತ್ತಿ ತೋರಿಸಿದರು. ಕತ್ತರಿಸಿದ ಹಾಗೆ ನೇರ ಮುರಿದಿತ್ತು. ಇನ್ನೊಂದನ್ನು ತೆಗೆದುಕೊಂಡು ಈ ತುದಿಯನ್ನು ಈ ಕಡೆಗೆ, ಆ ತುದಿಯನ್ನು ಆ ಕಡೆಗೆ ತಿರುಚಿದರು. ಅದೂ ಮುರಿಯಿತು. ಆದರೆ ಈ ಸಲ ಗಾಯ ನೇರ ಇರಲಿಲ್ಲ, ಓರೆಯಾಗಿ ಸುತ್ತಿಕೊಂಡು ಹೋಗಿತ್ತು. ಇದರ ಚಿತ್ರವನ್ನು ವರ್ಷಕ್ಕೊಮ್ಮೆ ಹಲಗೆಯ ಮೇಲೆ ಬರೆದಿದ್ದರು. ಯಾರ ಕೈಗೂ ಒಂದು ಸೀಮೆಸುಣ್ಣ ಕೊಟ್ಟಿರಲಿಲ್ಲ.

ಮೇಜಿನ ಖಾನೆಯಲ್ಲಿದ್ದ ಸೀಮೆಸುಣ್ಣದ ಡಬ್ಬಿಗಳನ್ನು ಮುಂದಿನ ಬೆಂಚಿಗೆ ಕೊಟ್ಟರು. ‘ಒಬ್ಬೊಬ್ಬರು ಎರಡೆರಡು ತಗೊಳ್ಳಿ. ಒಂದನ್ನ ಬಗ್ಗಿಸಿ, ಒಂದನ್ನ ತಿರುಚಿ.’

ಕೋಣೆಯ ತುಂಬ ಟಕ್ಕು ಟಕ್ಕು ಸದ್ದು. ಬೆರಳೆಲ್ಲ ಬಿಳಿ. ಸದ್ದು ನಿಂತ ಮೇಲೆ ಮೇಷ್ಟ್ರು ಕೇಳಿದರು. ‘ತಿರುಚಿದ್ದು ಯಾಕೆ ಓರೆಯಾಗಿ ಮುರೀತು?’

ಒಂದು. ಎರಡು. ಮೂರು. ನಾಲ್ಕಕ್ಕೆ ಎದೆ ಕುಟ್ಟಲು ಶುರುವಾಯಿತು. ಆರು. ಮುಂದಿನ ಬೆಂಚು ತಲೆ ತಗ್ಗಿಸಿತ್ತು. ಎಂಟು. ಉತ್ತರ ಹಲ್ಲಿನ ತುದಿಗೆ ಬಂದು ನಿಂತಿತ್ತು, ಮೇಷ್ಟ್ರು ತುಟಿ ಕಚ್ಚಿದರು. ಹತ್ತು. ಹತ್ತರ ನಂತರ ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಹನ್ನೊಂದು ಎಂದರು ಮನಸ್ಸಿನಲ್ಲೇ. ಹನ್ನೆರಡು. ಹದಿನೇಳಕ್ಕೆ, ಮೇಡಂ ಕೂತಿದ್ದ ಸಾಲಿನಲ್ಲೇ, ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗಿ ಕೈಯನ್ನು ಕಿವಿಯವರೆಗೆ ಎತ್ತಿ ಮತ್ತೆ ಇಳಿಸಿದಳು.

‘ಹೇಳಮ್ಮ.’

‘ತಪ್ಪಿರಬಹುದು ಸಾರ್.’

‘ಇರಲಿ, ಹೇಳು.’

‘ಬಟ್ಟೆ ಹಿಂಡ್ತೀವಲ್ಲ ಸಾರ್, ಆಗ ಮಡಿಕೆ ಓರೆಯಾಗೇ ಬೀಳತ್ತೆ. ಇದೂ ಹಾಗೇನಾ ಅಂತ.’

ಮೇಷ್ಟ್ರು ಜೇಬಿನಿಂದ ಕರವಸ್ತ್ರ ತೆಗೆದು ಹಿಂಡಿದರು. ಸೀಮೆಸುಣ್ಣವನ್ನು ತಿರುಚಿದ ಕಡೆಗೇ ತಿರುಚಿ, ಮುರಿದ ತುಂಡನ್ನು ಪಕ್ಕಕ್ಕೆ ಹಿಡಿದರು. ಹಿಡಿದವರು ಎರಡನ್ನೂ ಕಣ್ಣ ಹತ್ತಿರ ತಂದರು. ಎರಡೂ ಓರೆಯೇ. ಆದರೆ ಮಡಿಕೆ ಬಲಕ್ಕೆ ಏರಿದರೆ ಬಿರುಕು ಎಡಕ್ಕೆ ಏರಿತ್ತು. ಒಂದಕ್ಕೊಂದು ಎದುರು. ಇಷ್ಟು ವರ್ಷದಲ್ಲಿ ಇದನ್ನು ಅವರು ಕಂಡಿರಲಿಲ್ಲ. ಸೂತ್ರ ಬಾಯಿಪಾಠ ಇತ್ತು, ಕೈಗೆ ಗೊತ್ತಿರಲಿಲ್ಲ.

‘ಓರೆ ಅನ್ನೋದು ಸರಿ’ ಎಂದರು ನಿಧಾನವಾಗಿ. ‘ಆದರೆ ನೋಡಿ, ಇದು ಈ ಕಡೆ, ಅದು ಆ ಕಡೆ. ಯಾಕೆ? ನಿಜ ಹೇಳ್ತೀನಿ, ನಾನೂ ಈಗಲೇ ಯೋಚನೆ ಮಾಡ್ತಿರೋದು.’

ಈ ಸಲ ಅವರು ಎಣಿಸಲಿಲ್ಲ. ಎಣಿಸಲು ನೆನಪಿರಲಿಲ್ಲ. ಹುಡುಗರು ಕರವಸ್ತ್ರ, ದುಪಟ್ಟಾದ ತುದಿ, ಸಿಕ್ಕಿದ್ದನ್ನೆಲ್ಲ ಹಿಂಡಿ ನೋಡುತ್ತಿದ್ದರು. ಜಗಳ ಹತ್ತಿತು. ‘ನೀನು ಉಲ್ಟಾ ಹಿಡಿದಿದ್ದೀಯಲ್ಲೋ’ ಎಂದು ಒಬ್ಬ, ‘ನಿನ್ನ ತಲೆಯೇ ಉಲ್ಟಾ’ ಎಂದು ಇನ್ನೊಬ್ಬ. ಕೊನೆಗೆ ಎದ್ದವನು ಉದ್ದ ಹುಡುಗ. ಈ ಸಲ ಒಪ್ಪಿಸಲಿಲ್ಲ, ಹುಡುಕಿ ಹುಡುಕಿ ಮಾತಾಡಿದ. ‘ಸಾರ್, ಮಡಿಕೆ ಯಾವ ಕಡೆ ಇದೆಯೋ ಬಟ್ಟೆ ಆ ಕಡೆಗೆ ಎಳೀತಿದೆ, ಮುಟ್ಟಿದ್ರೆ ಬಿಗಿ ಇದೆ. ಸೀಮೆಸುಣ್ಣಕ್ಕೆ ಎಳೆದ್ರೆ ತಡೆಯಲ್ಲ. ಎಳೆದ ಕಡೆಗೆ ಅಡ್ಡವಾಗಿ ಹರಿಯತ್ತೆ. ಅದಕ್ಕೇ ಎದುರು.’

ಮೇಷ್ಟ್ರು ಕರವಸ್ತ್ರದ ಮಡಿಕೆಯ ಮೇಲೆ ಬೆರಳು ಆಡಿಸಿದರು. ಬಿಗಿ ಇತ್ತು. ‘ಹೌದು ಕಣಪ್ಪ’ ಎಂದರು. ಗಂಟೆ ಹೊಡೆಯಿತು.

ಎಲ್ಲರೂ ಹೋದ ಮೇಲೆ ಮೇಡಂ ಮುಂದೆ ಬಂದರು. ನೆಲದ ತುಂಬ ಸೀಮೆಸುಣ್ಣದ ಪುಡಿ. ಅವರ ಚಪ್ಪಲಿಯ ಗುರುತು ಬಿಳಿಯ ಮೇಲೆ ಮೂಡಿತು.

‘ಸರ್, ಮೊದಲ ಹದಿನೆಂಟು ನಿಮಿಷ ನಾನು ಬರೀಲೇಬೇಕು. ಮೊದಲೇ ಉತ್ತರ ಹೇಳಿಕೊಟ್ಟಿದ್ರೆ ಆ ತರಗತಿ ಲೆಕ್ಕಕ್ಕಿಲ್ಲ, ನಿಯಮ ಹಾಗಿದೆ.’

‘ಬರೀರಿ ಮೇಡಂ.’

‘ಮಿಕ್ಕ ಮೂವತ್ತೆರಡು ನಿಮಿಷವನ್ನೂ ಬರೀತೀನಿ.’ ಬಾಗಿಲವರೆಗೆ ಹೋದವರು ನಿಂತರು. ‘ಇದನ್ನ ಯಾರು ಹೇಳಿಕೊಟ್ರು ಸರ್, ಅಭ್ಯಾಸ ಮಾಡಿಸಿ ಅಂತ?’

ಮೇಷ್ಟ್ರು ಹತ್ತರವರೆಗೆ ಎಣಿಸಿದರು. ಮೇಡಂ ತುಟಿಯಂಚಿನಲ್ಲಿ ನಕ್ಕು ಹೋದರು.

ಕಾಗದ ಬರಲು ಒಂಬತ್ತು ದಿನ ಹಿಡಿಯಿತು. ಅಕ್ಕ ಸಂಜೆ ಬಂದ ತಮ್ಮನ ಕಾಲಿನ ಸದ್ದಿನಲ್ಲೇ ಇವತ್ತೂ ಬಂದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದಳು. ಹತ್ತನೆಯ ದಿನ ಕಾಗದವನ್ನು ಅವಳ ಯಂತ್ರದ ಮೇಲೆ ಇಟ್ಟರು. ಎರಡನೆಯ ವೀಕ್ಷಣೆ ದಾಟಿಲ್ಲ. ಆದರೆ ಮೂವತ್ತೆರಡು ನಿಮಿಷದ ವರದಿ ನೋಡಿ ಸಮಿತಿ ಮೂರನೆಯ ಅವಕಾಶ ಕೊಟ್ಟಿದೆ. ಅಲ್ಲಿಯವರೆಗೆ ಮೊದಲ ವರ್ಷದ ತರಗತಿ ಇವರ ಕೈಯಲ್ಲೇ. ವೀಕ್ಷಕರು ಯಾವ ದಿನ ಬರುತ್ತಾರೆಂದು ಮಾತ್ರ ಮುಂಚೆ ತಿಳಿಸುವುದಿಲ್ಲ.

‘ಅಂದ್ರೆ ಗೆದ್ಯೋ ಸೋತ್ಯೋ?’ ಎಂದಳು ಅಕ್ಕ.

‘ಗೊತ್ತಿಲ್ಲ ಅಕ್ಕಾ. ಯಾವತ್ತು ಬಾಗಿಲು ತೆಗೀತಾರೋ ಅವತ್ತು ಗೊತ್ತಾಗತ್ತೆ.’

‘ಹಾಗಾದ್ರೆ ದಿನಾ ಒಳ್ಳೆ ಅಂಗಿ ಹಾಕ್ಕೊಂಡು ಹೋಗು. ಎದುರುಗಡೆಯ ಗುಂಡಿ ಎಲ್ಲ ನೋಡಿ ಹಾಕ್ಕೋ. ಇಷ್ಟು ದಿನ ಅದು ಬೇಕಾಗಿರಲಿಲ್ಲ.’

ಲೆಕ್ಕದ ಮೇಷ್ಟ್ರು ಕಾಗದ ಓದಿ ತಲೆ ಕೆರೆದುಕೊಂಡರು. ‘ದಿನ ಗೊತ್ತಿಲ್ಲದೆ ತಯಾರಿ ಹೇಗ್ರೀ ಮಾಡೋದು?’ ಬೆನ್ನು ಮೇಷ್ಟ್ರು ಎರಡು ಡಬ್ಬಿ ಸೀಮೆಸುಣ್ಣ ಎತ್ತಿಕೊಂಡು ತರಗತಿಗೆ ನಡೆದರು.

ಮೂರು ವಾರವಾಯಿತು. ಎಷ್ಟೋ ದಿನ ಪಾಠ ಚೆನ್ನಾಗಿ ಆಗಲಿಲ್ಲ. ಎರಡು ದಿನ ಅವರು ಸೋತು ಹಲಗೆಗೆ ತಿರುಗಿ ಗಂಟೆ ಹೊಡೆಯುವ ತನಕ ಬರೆದದ್ದೂ ಉಂಟು. ಹುಡುಗರು ಹೆಸರು ಬದಲಾಯಿಸಲಿಲ್ಲ, ಇಟ್ಟ ಹೆಸರನ್ನು ಅಷ್ಟು ಸುಲಭವಾಗಿ ಯಾರು ಬಿಡುತ್ತಾರೆ. ಒಂದು ಮಂಗಳವಾರ ಅವರು ಪ್ರಶ್ನೆ ಕೇಳಿ ಎಣಿಸುತ್ತಾ ನಿಂತಿದ್ದಾಗ ಬಾಗಿಲು ಕಿರ್ರೆಂದಿತು. ಇಡೀ ತರಗತಿ ಆ ಕಡೆ ತಿರುಗಿತು.

ಹಾಜರಿ ಪುಸ್ತಕ ಹಿಡಿದ ಅಟೆಂಡರ್ ಒಳಗೆ ತಲೆ ಹಾಕಿದ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ‘ಏನಾಯ್ತು, ನಾನೇನು ಮಾಡಿದೆ?’ ಎಂದ. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದ.

ನಗು ಇಳಿಯಲು ಹೊತ್ತು ಹಿಡಿಯಿತು. ಮೇಷ್ಟ್ರೂ ನಕ್ಕರು. ಆಮೇಲೆ ಎಲ್ಲಿಗೆ ಬಂದಿದ್ದೆ ಎಂದು ತಡಕಾಡಿದರು. ಪ್ರಶ್ನೆ ನೆನಪಿತ್ತು, ಎಣಿಕೆ ತಪ್ಪಿಹೋಗಿತ್ತು. ಅವರು ಬೆರಳು ಮಡಚುವುದನ್ನು ಎಷ್ಟು ದಿನದಿಂದ ನೋಡುತ್ತಿದ್ದಳೋ, ಬಟ್ಟೆ ಹಿಂಡುವ ಮಾತು ಹೇಳಿದ ಆ ಹುಡುಗಿ ಹಿಂದಿನ ಸಾಲಿನಿಂದಲೇ ಅಂದಳು.

‘ಎಂಟಕ್ಕೆ ನಿಂತಿದ್ರಿ ಸಾರ್.’